ಹೊಗೆಗೂಡಿನಲ್ಲಿ ಜೇನುಗೂಡು

ಸಂಜೆಯ ವಾರ್ತೆ ಮುಗಿಯಿತೆಂದು ನೀವು ರೇಡಿಯೋ ನಿಲ್ಲಿಸುತ್ತೀರಿ. ಆದರೂ ‘ಗುಂಯ್’ ಎಂಬ ಸಣ್ಣ ನಾದ ನಿಲ್ಲುವುದಿಲ್ಲ. ಪೆಟ್ಟಿಗೆಗೆ ಕಿವಿಯಿಟ್ಟು ನೋಡುತ್ತೀರಿ, ದೋಷ ಅದರದಲ್ಲ. ನಾದ ಬರುತ್ತಿರುವುದು ಗೋಡೆಯೊಳಗಿನಿಂದ. ಬೆಳಗಾದ ಮೇಲೆ ಅಂಗಳಕ್ಕಿಳಿದು ಮಾಡಿನತ್ತ ಕಣ್ಣು ಹಾಯಿಸಿದರೆ, ಹಳೆಯ ಹೊಗೆಗೂಡಿನ ಬಾಯಲ್ಲಿ ಕಂದುಬಣ್ಣದ ನೊಣಗಳು ಹೋಗುತ್ತಲೂ ಬರುತ್ತಲೂ ಇರುತ್ತವೆ. ಕೇಳದೆ ಹೇಳದೆ ಒಂದು ಒಕ್ಕಲು ನಿಮ್ಮ ಮನೆಯಲ್ಲಿ ಬಂದು ನೆಲಸಿದೆ ಎಂದು ತಿಳಿಯಿರಿ.

ಹೊಗೆಯನ್ನು ಹೊರಗೆ ಕಳುಹಿಸುವುದಕ್ಕೆಂದು ಕಟ್ಟಿದ ಗೂಡಿಗೆ ಜೇನು ಹೇಗೆ ಬಂದೀತು ಎಂದು ನೀವು ಕೇಳಬಹುದು. ಹೊಗೆಯಿದ್ದಷ್ಟು ದಿನ ಬರುತ್ತಿರಲಿಲ್ಲ. ಅಡಿಗೆಮನೆಗೆ ಅನಿಲದ ಒಲೆಯೂ ಬಚ್ಚಲಿಗೆ ವಿದ್ಯುತ್ತಿನ ಗೀಸರೂ ಬಂದಮೇಲೆ ಹಳೆಯ ಮನೆಗಳ ಹೊಗೆಗೂಡುಗಳು ಬರಿದಾಗಿ ಉಳಿದುವು. ನಾವು ಅವುಗಳನ್ನು ಮರೆತೆವು, ಜೇನು ಮರೆಯಲಿಲ್ಲ. ಒಳಗೆ ಕತ್ತಲೆ, ಎತ್ತರದಲ್ಲಿ ಕಿರಿದಾದ ಬಾಗಿಲು, ಗಾಳಿಮಳೆಗಳಿಂದ ಮರೆ. ಮರದ ಪೊಟರೆಗೆ ಇದಕ್ಕಿಂತ ಹೆಚ್ಚಿನ ಲಕ್ಷಣವೇನಿದೆ?

ನಮ್ಮ ನಾಡಿನ ಜೇನುಗಳಲ್ಲಿ ನಾಲ್ಕು ಬಗೆ ಮುಖ್ಯವಾದುವು. ಹೆಮ್ಮರ, ಹೆದ್ದಾರಿಗಳಂತೆ ‘ಹಿರಿದು’ ಎಂಬ ಮಾತು ಸೇರಿ ಆದದ್ದು ಹೆಜ್ಜೇನು. ಇದು ಒಂದೇ ದೊಡ್ಡ ಎರಿಯನ್ನು ಬಯಲಿನಲ್ಲಿ, ಎತ್ತರದ ಕೊಂಬೆಗೋ ನೀರಿನ ತೊಟ್ಟಿಯ ಅಡಿಗೋ ತೂಗುಹಾಕುತ್ತದೆ. ಕೋಲುಜೇನು ಪೊದೆಯ ಕಡ್ಡಿಗೆ ಚಿಕ್ಕ ಎರಿ ಕಟ್ಟುತ್ತದೆ. ಮಿಸರಿಗೆ ಕುಟುಕುವ ಮುಳ್ಳೇ ಇಲ್ಲ. ಗೋಡೆಯ ಬಿರುಕಿನಲ್ಲಿದ್ದರೂ ಅದರಿಂದ ಕೇಡಿಲ್ಲ. ಹೊಗೆಗೂಡನ್ನು ಹಿಡಿಯುವುದು ನಾಲ್ಕನೆಯದಾದ ತುಡುವೆ. ಪೊಟರೆ, ಹುತ್ತ, ಕಲ್ಲಿನ ಸಂದು ಇದರ ಸಹಜವಾದ ಮನೆ. ಅಲ್ಲಿ ಒಂದರ ಪಕ್ಕಕ್ಕೆ ಒಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಕೊಡಗು, ಮಲೆನಾಡುಗಳಲ್ಲಿ ಪೆಟ್ಟಿಗೆಯಿಟ್ಟು ಸಾಕುತ್ತ ಬಂದಿರುವುದೂ ಇದನ್ನೇ.

ಕುಟುಂಬ ದೊಡ್ಡದಾದಾಗ ಹಳೆಯ ರಾಣಿ ಒಂದು ಪಾಲು ನೊಣಗಳೊಡನೆ ಗೂಡು ಬಿಟ್ಟು ಹೊರಡುತ್ತದೆ. ಆ ಪಡೆ ಯಾವುದಾದರೊಂದು ಕೊಂಬೆಯಲ್ಲಿ ಗೊಂಚಲಾಗಿ ತಂಗಿ, ಮನೆ ಹುಡುಕಲು ದೂತರನ್ನು ಅಟ್ಟುತ್ತದೆ. 1949ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ ಇಂಥ ಗೊಂಚಲೊಂದರ ಮೇಲೆ ಕೆಲವು ನೊಣಗಳು ಕುಣಿಯುತ್ತಿದ್ದುದನ್ನು ಕಂಡರು. ಅವುಗಳ ಮೈಗೆ ಮೆತ್ತಿದ್ದುದು ಹೂವಿನ ಪರಾಗವಲ್ಲ. ಒಂದಕ್ಕೆ ಹೊಗೆಗೂಡಿನ ಮಸಿ, ಇನ್ನೊಂದಕ್ಕೆ ಇಟ್ಟಿಗೆಯ ಕೆಂಪು ಪುಡಿ! ಅವು ಮನೆ ನೋಡಿ ಬಂದ ದೂತರು, ಕುಣಿತದಿಂದಲೇ ಆ ಮನೆಯ ದಿಕ್ಕನ್ನೂ ದೂರವನ್ನೂ ಅವು ತಿಳಿಸುತ್ತಿವೆ ಎಂಬುದನ್ನು ಅವರು ಮುಂದೆ ಸಾಧಿಸಿ ತೋರಿಸಿದರು. ಅವರು ಕಂಡದ್ದು ಯೂರೋಪಿನ ಜಾತಿಯ ಜೇನು. ನಮ್ಮ ತುಡುವೆಯ ರೀತಿಯೂ ಇದೇ. ಈ ಸಂಗತಿ ನಮಗೆ ಬಹಳ ಉಪಯುಕ್ತವಾದದ್ದು. ಏಕೆಂದರೆ ಪಡೆ ಬರುವುದಕ್ಕೆ ಮೊದಲು ನಾಲ್ಕಾರು ನೊಣಗಳು ಹೊಗೆಗೂಡಿನ ಬಾಯನ್ನು ಸುತ್ತಿ ಒಳಹೊಕ್ಕು ನೋಡಿ ಹೋಗುತ್ತವೆ. ಅದೇ ನಿಮಗೆ ಬಂದ ಮುನ್ಸೂಚನೆ. ಕತ್ತಲಾಗಿ ಅವು ಹಿಂದಿರುಗಿದ ಮೇಲೆ ಬಾಯಿಗೆ ಜಾಲರಿ ಬಿಗಿದರೆ ಮರುದಿನ ಅವು ಬೇರೆ ಮನೆ ಹುಡುಕಿಕೊಳ್ಳುತ್ತವೆ.

ಈ ಮುನ್ಸೂಚನೆಯನ್ನು ನಾನು ಕಂಡೂ ಕಾಣದವನಂತಿದ್ದೆ. ಭೃಂಗ, ಮಧುಕರ, ಮಧುಪ ಎಂದು ತರಗತಿಯಲ್ಲಿ ಪರ್ಯಾಯಪದಗಳನ್ನು ಒಪ್ಪಿಸುವ ನನಗೆ ಸ್ವಂತ ಮನೆಯ ಮಧುಕರದ ಸ್ವಭಾವ ತಿಳಿದಿರಲಿಲ್ಲ. ನಮ್ಮ ಬಚ್ಚಲಿನ ಹಂಡೆಯ ಒಲೆಗೆ ವರ್ಷಕ್ಕೊಮ್ಮೆ, ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಮಾತ್ರ ಬೆಂಕಿ. ಒಂದು ವರ್ಷ ಹೊಗೆಗೂಡಿನಲ್ಲಿ ಜೇನು ಕಟ್ಟಿದೆಯೆಂದು ಗೊತ್ತಿದ್ದೂ, ಹೊಗೆ ತಾಗಿದರೆ ತಾನಾಗಿ ಹೋಗುತ್ತದೆ ಎಂದುಕೊಂಡು ಚತುರ್ದಶಿಯ ನಸುಕಿನಲ್ಲಿ ಉರಿ ಹಾಕಿಸಿದೆ. ಗಳಿಗೆ ಕಳೆಯುವುದರೊಳಗೆ ಕರಗಿದ ಮೇಣವೂ ಜೇನೂ ಉರಿಯ ಮೇಲೆ ಸುರಿದು ಬೆಂಕಿ ಭುಗಿಲೆಂದಿತು. ರೆಕ್ಕೆ ಸುಟ್ಟ ನೊಣಗಳು ಕೆಳಗೆ ಉದುರಿದುವು; ಉಳಿದುವು ದೀಪದ ಬೆಳಕಿಗೆ ಮುತ್ತಿದುವು. ಒಲೆಯ ಮುಂದೆ ಕುಳಿತಿದ್ದ ನನ್ನ ಹೆಂಡತಿಗೆ ಹದಿಮೂರು ಕಡೆ ಕುಟುಕಿದುವು. ಆಕೆಗೆ ಉಸಿರಿನ ತೊಂದರೆಯಾಗದಿದ್ದುದು ನಮ್ಮ ಪುಣ್ಯ. ಆ ಹಬ್ಬದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಕಲಿತ ಪಾಠವನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಜೇನು ಸಾಕುವವರು ಹೊಗೆ ಹಾಕುವುದಿಲ್ಲವೇ ಎಂದರೆ, ಹಾಕುತ್ತಾರೆ. ಅದು ತಣ್ಣನೆಯ, ಅಳತೆಯ ಹೊಗೆ. ಅದು ತಾಗಿದಾಗ ನೊಣಗಳು ಹೊಟ್ಟೆತುಂಬ ಜೇನು ಹೀರಿಕೊಂಡು ಮಂದವಾಗುತ್ತವೆ. ಒಂದು ನೊಣ ಕುಟುಕಿದಾಗ ಹೊಮ್ಮಿ ಉಳಿದವನ್ನು ಕೆರಳಿಸುವ ವಾಸನೆಯೂ ಅದರಲ್ಲಿ ಮುಚ್ಚಿಹೋಗುತ್ತದೆ. ನಾನು ಹಾಕಿಸಿದ್ದು ಉರಿ. ಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ; ಕರಗಿದ್ದು ಉರಿಗೆ ಬಿದ್ದರೆ ಎಣ್ಣೆಯೇ ಸರಿ.

ವಿಷದ ಪುಡಿಯಿಂದ ಕೊಂದರೂ ತೊಂದರೆ ಮುಗಿಯುವುದಿಲ್ಲ. ಗೂಡಿನ ಶಾಖವನ್ನು ಹದದಲ್ಲಿಟ್ಟು, ಇರುವೆಗಳನ್ನೂ ಮೇಣದ ಪತಂಗವನ್ನೂ ತಡೆಯುತ್ತಿದ್ದುದು ಆ ನೊಣಗಳೇ. ಅವು ಸತ್ತ ಮೇಲೆ ಎರಿ ಕುಸಿದು ಜೇನು ಗೋಡೆಯಲ್ಲಿ ಇಳಿಯುತ್ತದೆ. ಮರಿಗಳು ಕೊಳೆತು ನಾರುತ್ತವೆ. ಬೇರೆ ಗೂಡುಗಳ ನೊಣಗಳು ಬಂದು ವಿಷ ಬೆರೆತ ಜೇನನ್ನು ಹೊತ್ತುಕೊಂಡು ಹೋಗಿ ಅವೂ ಸಾಯುತ್ತವೆ.

ಹಾಗಾದರೆ ಮಾಡತಕ್ಕದ್ದೇನು? ಜೇನು ಕೃಷಿಕರನ್ನು ಕರೆಯಿಸಿ. ಅಂಥವರು ಎಲ್ಲಿದ್ದಾರೆಂಬುದನ್ನು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಅವರು ಎರಿಗಳನ್ನು ಕೊಯ್ದು, ಮರಿಯಿರುವ ಎರಿಗಳನ್ನು ಬಾಳೆಯ ನಾರಿನಿಂದ ಚೌಕಟ್ಟುಗಳಿಗೆ ಕಟ್ಟಿ, ರಾಣಿಯನ್ನು ಹಿಡಿದು ಪೆಟ್ಟಿಗೆಗೆ ಸೇರಿಸುತ್ತಾರೆ. ರಾಣಿ ಹೋದಲ್ಲಿಗೆ ಪರಿವಾರ. ಕೈಗೆಟುಕದ ಗೂಡಾದರೆ ಬಾಯಿಗೆ ಜಾಲರಿಯ ಆಲಿಕೆ ಕಟ್ಟಿ, ಹೊರಬಂದ ನೊಣ ಒಳಗೆ ಹೋಗದಂತೆ ಮಾಡಿ, ಪಕ್ಕದಲ್ಲಿಟ್ಟ ಪೆಟ್ಟಿಗೆಗೆ ಅವನ್ನು ಸೆಳೆಯುತ್ತಾರೆ. ಇದಕ್ಕೆ ಕೆಲವು ವಾರಗಳ ತಾಳ್ಮೆ ಬೇಕು. ಅಲ್ಲಿಯವರೆಗೆ ಆ ಒಲೆಗೆ ಬೆಂಕಿ ಬೇಡ. ಒಲೆಯ ಕಡೆಯ ಕಂಡಿಯನ್ನು ಒದ್ದೆ ಗೋಣಿಯಿಂದ ಮುಚ್ಚಿಡಿ. ಜೇನು ಹೋದಮೇಲೆ ಗೂಡನ್ನು ಕೆರೆದು ತೊಳೆಯಿಸಿ. ಮೇಣದ ವಾಸನೆ ಉಳಿದರೆ ಮತ್ತೊಂದು ಪಡೆಗೆ ಅದೇ ಆಹ್ವಾನ.

ಬಾರದಂತೆ ತಡೆಯುವುದು ಎಲ್ಲಕ್ಕಿಂತ ಸುಲಭ. ಬಳಸದ ಹೊಗೆಗೂಡಿನ ಬಾಯಿಗೆ 3 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಲ್ಲದ ತಂತಿಯ ಜಾಲರಿ ಹೊದಿಸಿ, ಅಂಚಿನ ಬಿರುಕುಗಳಿಗೆ ಗಾರೆ ಮೆತ್ತಿಸಿ. ಬಳಕೆಯಲ್ಲಿರುವ ಹೊಗೆಗೂಡಿನ ಮಾತು ಬೇರೆ. ಅದನ್ನು ಎಂದಿಗೂ ಪೂರ್ತಿ ಮುಚ್ಚಬೇಡಿ; ಸಣ್ಣ ಕಣ್ಣಿನ ಜಾಲರಿಯೂ ಮಸಿ ಹಿಡಿದು ಕಟ್ಟಿಕೊಳ್ಳುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಮನೆಯಲ್ಲಿ ತುಂಬಿ ಪ್ರಾಣಕ್ಕೇ ಎರವಾದೀತು. ಅನಿಲದ ಗೀಸರಿನ ಕೊಳವೆಗೂ ಈ ಮಾತು ಸಲ್ಲುತ್ತದೆ. ನಮ್ಮಂತೆ ವರ್ಷಕ್ಕೊಮ್ಮೆ ಒಲೆ ಹಚ್ಚುವವರು ಹಬ್ಬಕ್ಕೆ ವಾರ ಮೊದಲೇ ಹಗಲಿನಲ್ಲಿ ಹೊಗೆಗೂಡನ್ನು ಪರೀಕ್ಷಿಸಿ, ಜಾಲರಿ ತೆಗೆದ ಮೇಲೆಯೇ ಬೆಂಕಿ ಹಾಕಬೇಕು.

ಕುಟುಕಿದರೆ ಮುಳ್ಳನ್ನು ಉಗುರಿನಿಂದ ಒಡನೆಯೇ ಕೆರೆದು ತೆಗೆಯಿರಿ. ತಡವಾದಷ್ಟೂ ವಿಷ ಇಳಿಯುತ್ತದೆ. ತಣ್ಣೀರಿನ ಬಟ್ಟೆ ಇಡಿ. ಮೈಯೆಲ್ಲ ದದ್ದು, ತುಟಿ ನಾಲಗೆಗಳ ಊತ, ಉಸಿರುಕಟ್ಟು ಕಂಡರೆ ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಓಡಿ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದುವು. ಎಷ್ಟೋ ತೋಟಗಳಲ್ಲಿ ಪೆಟ್ಟಿಗೆಗಳು ಬರಿದಾಗಿ ನಿಂತುವು. ಆ ಕುತ್ತದಿಂದ ಉಳಿದುಬಂದ ಸಂತತಿಯೇ ಇಂದು ನಿಮ್ಮ ಮಾಡಿನ ಮೇಲೆ ಹಾರಾಡುತ್ತಿರುವುದು. ನಿಮ್ಮ ಹಿತ್ತಲಿನ ನುಗ್ಗೆ ಸೋರೆಗಳು ಕಾಯಿ ಕಚ್ಚುವುದರಲ್ಲಿ ಅದರ ಪಾಲೂ ಉಂಟು. ನಮ್ಮ ಬಚ್ಚಲಿನ ಹೊಗೆಗೂಡಿಗೆ ಈಗ ಜಾಲರಿಯ ಟೋಪಿಯಿದೆ. ಹಿತ್ತಲಿನ ಹಲಸಿನ ಮರದಡಿ ಒಂದು ಜೇನುಪೆಟ್ಟಿಗೆಯೂ ಇದೆ; ಅದನ್ನು ಇಡಿಸಿದವಳು ಹದಿಮೂರು ಕುಟುಕು ತಿಂದ ನನ್ನ ಹೆಂಡತಿಯೇ.