ಬಿರುಕು ಬಿಟ್ಟ ಬೀಡಿಗೆ ಬೆಸುಗೆ

ಈ ಬೇಸಿಗೆಯಲ್ಲಿ ನಮ್ಮ ತೋಟದ ಡೀಸೆಲ್ ಇಂಜಿನ್ನಿನ ಬ್ಲಾಕು, ನೀರು ತುಂಬುವ ಕಡೆ, ಒಂದು ಗೇಣಿನಷ್ಟು ಬಿರುಕು ಬಿಟ್ಟಿತು. ಕಾದಿದ್ದಾಗ ತಣ್ಣೀರು ಬಿದ್ದದ್ದೇ ಕಾರಣ. ಹೊಸದು ತರಲು ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ತೋಟದಲ್ಲಿ ಟೊಮೇಟೊ ಗಿಡಗಳು ಬಾಡುತ್ತಿದ್ದವು. ವೆಲ್ಡಿಂಗ್ ಮೇಸ್ತ್ರಿ ಅದನ್ನು ಸರಿಮಾಡುವಾಗ ಪಕ್ಕದಲ್ಲೇ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬೀಡು ಏಕೆ ಒಡೆಯುತ್ತದೆ?

ಕಿಟಕಿಯ ಸರಳಿನಂಥ ಮೆದು ಉಕ್ಕಿನಲ್ಲಿ ಇಂಗಾಲ ಬಹಳ ಕಡಿಮೆ. ಬೀಡು ಕಬ್ಬಿಣದಲ್ಲಿ ನೂರಕ್ಕೆ 2ರಿಂದ 4 ಭಾಗ ಇರುತ್ತದೆ. ಇಂಜಿನ್ನಿನ ಬೀಡಿನೊಳಗೆ ಅದು ಗ್ರಾಫೈಟಿನ ಸಣ್ಣ ಪದರಗಳಾಗಿ ಹರಡಿರುತ್ತದೆ. ಆದ್ದರಿಂದ ಬೀಡು ಬಾಗುವುದಿಲ್ಲ, ಎಳೆತ ಬಿದ್ದರೆ ಬಿರಿಯುತ್ತದೆ. ಒಂದೇ ಕಡೆ ಕಾದರೆ ಅಲ್ಲಿ ಹಿಗ್ಗುತ್ತದೆ. ಆರುವಾಗ ಕುಗ್ಗಿ ಪಕ್ಕದ ಭಾಗವನ್ನು ಎಳೆಯುತ್ತದೆ.

"ಕಾಯಿಸಿದ್ರೆ ಪೂರ್ತಿ ಕಾಯಿಸ್ಬೇಕು, ಇಲ್ಲಾಂದ್ರೆ ಕಾಯೋಕೇ ಬಿಡಬಾರ್ದು" ಎಂದರು ಮೇಸ್ತ್ರಿ.

ಪೂರ್ತಿ ಕಾಯಿಸುವವರು ಇಡೀ ಭಾಗವನ್ನು ಮಂದ ಕೆಂಪಾಗುವವರೆಗೆ ಕಾಯಿಸಿ, ಬೀಡಿನ ರಾಡಿನಿಂದಲೇ ಬೆಸೆದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸುತ್ತಾರೆ. ನಮ್ಮದಕ್ಕೆ ಮಾಡಿದ್ದು ಎರಡನೆಯ ವಿಧಾನ:

1. ಜಿಡ್ಡು ತೆಗೆದು, ಸೀಮೆಎಣ್ಣೆ ಹಚ್ಚಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಬೇಕು. ಬಿರುಕು ಇದ್ದಲ್ಲಿ ಒದ್ದೆ ಗೆರೆ ಮೂಡುತ್ತದೆ.
2. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಯಬೇಕು. ಆಗ ಅದು ಮುಂದಕ್ಕೆ ಓಡುವುದಿಲ್ಲ.
3. ಬಿರುಕಿನ ಉದ್ದಕ್ಕೂ ನೇಗಿಲ ಸಾಲಿನಂತೆ ತೋಡಬೇಕು.
4. ನಿಕ್ಕಲ್ ರಾಡಿನಿಂದ ಒಂದೊಂದೇ ಇಂಚು ಬೆಸುಗೆ ಹಾಕಿ, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಕೈ ಇಡುವಷ್ಟು ಆರಿದ ಮೇಲೆಯೇ ಮುಂದಿನ ಇಂಚು.

"ಅಣ್ಣಾ, ನೀರು ಹಾಕಿ ಬೇಗ ಆರಿಸಬಾರ್ದಾ?" ಅಂತ ಕೇಳಿದೆ. "ಬೇಡಪ್ಪಾ, ಗಾಜಿನಂಗೆ ಸಿಡಿದುಬಿಡ್ತದೆ" ಎಂದರು. ಒಂದು ಗೇಣು ಬಿರುಕಿಗೆ ಅರ್ಧ ದಿನ ಹಿಡಿಯಿತು. ನೀರು ತುಂಬಿ ನೋಡಿದಾಗ ಒಂದು ಹನಿಯೂ ಸೋರಲಿಲ್ಲ.

ನಿಮಗಿದು ಗೊತ್ತೇ?

ಬೀಡಿನ ಬೆಸುಗೆ ಹೊಸ ವಿದ್ಯೆಯಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಸೇರಿದಾಗ, ಅಲ್ಲಿನ ಬಂದರುಗಳಲ್ಲಿ ನಿಂತಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಿತು. ಆದರೆ ಅವುಗಳ ಇಂಜಿನ್ನಿನ ಬೀಡಿನ ಸಿಲಿಂಡರುಗಳನ್ನು ಜರ್ಮನ್ ನಾವಿಕರು ಮೊದಲೇ ಒಡೆದುಹಾಕಿದ್ದರು. ಅಮೆರಿಕದ ನೌಕಾಪಡೆಯವರು ವಿದ್ಯುತ್ ಬೆಸುಗೆಯಿಂದ ಅವನ್ನು ಸೇರಿಸಿದರು. ಅದೇ ವರ್ಷ ಆ ಹಡಗುಗಳು ಸೈನಿಕರನ್ನು ಹೊತ್ತು ಸಮುದ್ರ ದಾಟಿದವು!

ಎಚ್ಚರಿಕೆ: ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಮನೆಯವರಿಗೂ ಹೇಳಿ.