ಎರಡು ಪೆನ್ಸಿನ ಕಾದಂಬರಿ

ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಹತನಾದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಹೆಸರು ಈ ಸೀಮೆಯ ಶಾಲಾ ಮಕ್ಕಳಿಗೂ ಗೊತ್ತು. ಆತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ತಂದೆಯ ಸಹೋದರ ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ಕಾದಂಬರಿಕಾರ 1860ರಲ್ಲಿ ಲಂಡನ್ನಿನ ‘ಕಾರ್ನ್‌ಹಿಲ್’ ಮಾಸಿಕದ ಸಂಪಾದಕನಾದಾಗ ಅದರ ಬೆಲೆ ಒಂದು ಶಿಲಿಂಗ್, ಅಂದರೆ ಹನ್ನೆರಡು ಪೆನ್ಸ್. ಅದಕ್ಕೆ ಹಿಂದಿನ ವರ್ಷವೇ, ಏಪ್ರಿಲ್ 30ರಂದು, ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆ ‘ಆಲ್ ದಿ ಇಯರ್ ರೌಂಡ್’ಅನ್ನು ಎರಡು ಪೆನ್ಸಿಗೆ ಮಾರಲಾರಂಭಿಸಿದ್ದ.

ಅರ್ಥಶಾಸ್ತ್ರ ಓದಿದವನಿಗೆ ಲೆಕ್ಕ ಹಾಕದೆ ಇರಲಾಗದು. ಅಂದು ಮೂರು ಸಂಪುಟಗಳ ಕಾದಂಬರಿಯೊಂದರ ರೂಢಿಯ ಬೆಲೆ 31 ಶಿಲಿಂಗ್ 6 ಪೆನ್ಸ್. ‘ಎ ಟೇಲ್ ಆಫ್ ಟೂ ಸಿಟೀಸ್’ 31 ವಾರಗಳಲ್ಲಿ ಮುಗಿಯಿತು. ಓದುಗ ಒಟ್ಟು ತೆತ್ತದ್ದು ಐದು ಶಿಲಿಂಗಿಗಿಂತ ತುಸು ಹೆಚ್ಚು, ಅದೂ ಕಂತಿನಲ್ಲಿ. ಕಂತು ನೀಡುವವನಿಗೆ ಅಧಿಕಾರವೂ ಇರುತ್ತದೆ. 1860ರಲ್ಲಿ ಚಾರ್ಲ್ಸ್ ಲೀವರನ ಧಾರಾವಾಹಿ ಬೇಸರ ತರಿಸಿ ಮಾರಾಟ ಇಳಿದಾಗ, ಡಿಕನ್ಸ್ ತಾನೇ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಬರೆದು ಪತ್ರಿಕೆಯನ್ನು ಮೇಲೆತ್ತಬೇಕಾಯಿತು. (1868ರಲ್ಲಿ ಅಲ್ಲೇ ಬಂದ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಿಂದ.)

ಆಗ ಸಂಪಗಾಂವ, ಪರಸಗಡ ಎಂಬ ಹೆಸರಿನ ತಾಲ್ಲೂಕುಗಳಾಗಿದ್ದ ಬೈಲಹೊಂಗಲ, ಸವದತ್ತಿ ಸೀಮೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ರಾಮದುರ್ಗ ಸಂಸ್ಥಾನವಾಗಿತ್ತು. ಕಲಿತವರ ಓದು ಬಹುಮಟ್ಟಿಗೆ ಮರಾಠಿಯದು. ಹರಿ ನಾರಾಯಣ ಆಪಟೆಯವರು 1890ರಲ್ಲಿ ಪುಣೆಯಲ್ಲಿ ‘ಕರಮಣೂಕ’ ವಾರಪತ್ರಿಕೆಯನ್ನು ಆರಂಭಿಸಿ, ಡಿಕನ್ಸನಂತೆಯೇ ತಮ್ಮ ಕಾದಂಬರಿಗಳನ್ನು ಅದರಲ್ಲಿ ಕಂತುಕಂತಾಗಿ ಪ್ರಕಟಿಸಿದರು. ಅವರ ‘ವಜ್ರಾಘಾತ’ವನ್ನು ಗಳಗನಾಥರು ‘ಕನ್ನಡಿಗರ ಕರ್ಮಕಥೆ’ಯಾಗಿಸಿದರು. ವಿಜಯನಗರದ ಪತನದ ಕಥೆ ಕನ್ನಡಿಗರಿಗೆ ಪುಣೆಯ ದಾರಿಯಿಂದ ಬಂತು! 1907ರಲ್ಲಿ ಅಗಡಿಯಿಂದ ಹೊರಟ, ಗಳಗನಾಥರು ಸಂಪಾದಿಸಿದ ‘ಸದ್ಬೋಧ ಚಂದ್ರಿಕೆ’ ಮಾಸಿಕವಾಗಿತ್ತು. ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಅವರಿಗೆ ವಾರಪತ್ರಿಕೆಯ ಬಂಡವಾಳ ಎಲ್ಲಿಂದ ಬರಬೇಕು?

ಕನ್ನಡದಲ್ಲಿ ಆ ಕೆಲಸವನ್ನು 1965ರಲ್ಲಿ ಆರಂಭವಾದ ‘ಸುಧಾ’ದಂತಹ ವಾರಪತ್ರಿಕೆಗಳು ಮಾಡಿದವು. 1986ರಲ್ಲಿ ನಾನು ಸವದತ್ತಿಯಲ್ಲಿ ಕೆಲಸಕ್ಕೆ ಸೇರಿದಾಗ ಅವು ಧಾರವಾಡದ ಬಸ್ಸಿನಲ್ಲಿ ಬರುತ್ತಿದ್ದವು. ನಾನು ಬಾಡಿಗೆಗಿದ್ದ ಮನೆಯ ಅಕ್ಕಾ ಅವರು ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿಟ್ಟು, ಮುಗಿದ ಮೇಲೆ ದಬ್ಬಣದಿಂದ ಹೊಲಿದು ಪುಸ್ತಕ ಮಾಡುತ್ತಿದ್ದರು. ಒಂದು ಮಳೆಗಾಲ ಬಸ್ಸು ಬಾರದೆ ಒಂದು ಸಂಚಿಕೆ ತಪ್ಪಿತು. ಬೈಲಹೊಂಗಲದ ನೆಂಟರಿಂದ ಅದನ್ನು ತರಿಸಿ, ಇಡೀ ಕಂತನ್ನು ಕೈಯಿಂದ ನಕಲು ಮಾಡಿ ನಡುವೆ ಸೇರಿಸಿದರು. ‘ಸಾಹೇಬ್ರ, ಒಂದ್ ವಾರ ತಪ್ಪಿದ್ರ ಕಥಿ ಕುಂಟತೈತ್ರಿ’ ಎಂದರು. ಆ ಪುಸ್ತಕ ಓಣಿಯ ಹನ್ನೊಂದು ಮನೆಗಳಲ್ಲಿ ತಿರುಗಿತು. ಎರವಲು ಪಡೆದವರ ಹೆಸರು ಕೊನೆಯ ಪುಟದಲ್ಲಿದ್ದವು.

ಇಂದು ಧಾರಾವಾಹಿ ಎಂದರೆ ಟಿ.ವಿ. ಎಂದೇ ಅರ್ಥ. ಅದನ್ನು ಆಕ್ಷೇಪಿಸಲಾರೆ; ನಮ್ಮ ಮನೆಯಲ್ಲೂ ನೋಡುತ್ತೇವೆ. ಆದರೆ ಮನೆ ತೆರಿಗೆಯೊಡನೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಸರ್ಕಾರ ಸಗಟು ಖರೀದಿಯಲ್ಲಿ ದಪ್ಪ ಪುಸ್ತಕಗಳನ್ನು ಕೊಂಡು ಕಪಾಟಿನಲ್ಲಿ ಜೋಡಿಸುವ ಬದಲು, ಆ ಹಣದ ಒಂದು ಪಾಲಿನಿಂದ ಸ್ಥಳೀಯ ಲೇಖಕರ ಕಾದಂಬರಿಯನ್ನು ವಾರಕ್ಕೆ ಎಂಟು ಪುಟದಂತೆ ಅಚ್ಚುಹಾಕಿಸಿ ಐದು ರೂಪಾಯಿಗೆ ಮಾರಬಾರದೇಕೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಗ್ರಂಥಾಲಯಗಳಲ್ಲಿ ಒಂದು ವರ್ಷ ಪ್ರಯೋಗ ಮಾಡಿದರೆ, ಎಷ್ಟನೆಯ ಕಂತಿಗೆ ಓದುಗರು ಕೈಬಿಟ್ಟರು ಎಂಬ ಲೆಕ್ಕವಾದರೂ ಇಲಾಖೆಗೆ ಸಿಗುತ್ತದೆ.