ಮನೆಯಂಗಳಕ್ಕೆ ಬಂದ ಗಣಕ ಪಾಠ

ನಮ್ಮ ಸಮಾಜದ ಬಹುಪಾಲು ಮನೆಗಳಲ್ಲಿ ಕಂಪ್ಯೂಟರ್ ಇಂದು ಬೆರಗಿನ ವಸ್ತುವಾಗಿ ಉಳಿದಿಲ್ಲ. ಮಗನ ಓದಿಗೆಂದು ತಂದದ್ದೋ, ಸೊಸೆ ನೌಕರಿಯ ಕೆಲಸಕ್ಕೆಂದು ಬಳಸುವುದೋ, ಒಂದು ಲ್ಯಾಪ್‌ಟಾಪ್ ಮೇಜಿನ ಮೇಲೆ ಇರುವುದು ಸಾಮಾನ್ಯ. ಆದರೆ ಅದೇ ಮನೆಯ ತಾಯಿಯನ್ನೋ ಹಿರಿಯರನ್ನೋ ಕೇಳಿ ನೋಡಿದರೆ, ‘ಅದು ನಮಗೆ ತಿಳಿಯುವಂಥದ್ದಲ್ಲ’ ಎಂಬ ಉತ್ತರವೇ ದೊರೆಯುತ್ತದೆ. ಹೊಲದ ಪಹಣಿ ತೆಗೆಯುವುದಿರಲಿ, ವಿದ್ಯುತ್ ಬಿಲ್ಲು ಕಟ್ಟುವುದಿರಲಿ, ಮೊಮ್ಮಗಳ ಕಾಲೇಜಿನ ಅರ್ಜಿ ತುಂಬುವುದಿರಲಿ, ಪ್ರತಿಯೊಂದಕ್ಕೂ ಮಕ್ಕಳ ಬಿಡುವಿಗಾಗಿ ಕಾಯಬೇಕು. ಇಲ್ಲವಾದರೆ ಪೇಟೆಯ ಅಂಗಡಿಯವನ ಮುಂದೆ ನಿಂತು ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ ಎಲ್ಲವನ್ನೂ ಒಪ್ಪಿಸಬೇಕು. ತಮ್ಮ ಹೆಸರಿನ ಆಸ್ತಿಯನ್ನು, ತಮ್ಮದೇ ಖಾತೆಯ ಹಣವನ್ನು ಇನ್ನೊಬ್ಬರ ಕಣ್ಣಿನಿಂದ ನೋಡಬೇಕಾದ ಈ ಸ್ಥಿತಿ ಸಣ್ಣದೇನಲ್ಲ.

ಈ ಪರಾವಲಂಬನೆಯಿಂದ ಹೊರಬರಲು ಮನೆಯಲ್ಲಿಯೇ ಕುಳಿತು, ಅಂತರ್ಜಾಲದ ಮೂಲಕ, ಕನ್ನಡದಲ್ಲಿಯೇ ಕಂಪ್ಯೂಟರಿನ ಪ್ರಾಥಮಿಕ ಪಾಠ ಕಲಿಯುವ ದಾರಿಯೊಂದಿದೆ. ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ನಮ್ಮ ಉದ್ದೇಶ.

ತೊಂಬತ್ತರ ದಶಕದಲ್ಲಿ ನಮ್ಮ ತಾಲೂಕು ಪಟ್ಟಣಗಳ ಟೈಪಿಂಗ್ ಶಾಲೆಗಳ ನಾಮಫಲಕಗಳಲ್ಲಿ ‘ಕಂಪ್ಯೂಟರ್ ತರಬೇತಿ’ ಎಂಬ ಸಾಲು ಸೇರಿದ್ದನ್ನು ಹಿರಿಯ ಓದುಗರು ಬಲ್ಲರು. ಅಲ್ಲಿಗೆ ಹೋಗುತ್ತಿದ್ದವರು ಬಹುತೇಕ ನೌಕರಿಯ ಆಸೆಯ ತರುಣರು. ಒಂದು ಯಂತ್ರಕ್ಕೆ ಇಬ್ಬರು ಮೂವರು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಗೃಹಿಣಿಯರು ಆ ಮೆಟ್ಟಿಲು ಹತ್ತಿದ್ದು ವಿರಳ. ಬಳಿಕ 2012ರಲ್ಲಿ ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿದ್ಯಾಸಂಸ್ಥೆಗಳು ಕೂಡಿ ‘ಎಡ್‌ಎಕ್ಸ್’ ಎಂಬ ಅಂತರ್ಜಾಲ ಪಾಠಶಾಲೆಯನ್ನು ತೆರೆದವು. ನಮ್ಮ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಇವು ದೊಡ್ಡ ಕಾರ್ಯಗಳೇ. ಆದರೂ ಮೌಸ್ ಹಿಡಿಯಲು ಅಂಜುವ ತಾಯಿಗೆ ಅವು ಇನ್ನೂ ಎತ್ತರದ ಅಟ್ಟವೇ ಸರಿ.

ಆ ಅಟ್ಟಕ್ಕೆ ಏಣಿ ಇಟ್ಟದ್ದು ಮುಂಬಯಿಯ ಐಐಟಿ. ಅಲ್ಲಿಯ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಶಿಕ್ಷಣ ಇಲಾಖೆಯ ನೆರವಿನಿಂದ ರೂಪುಗೊಂಡ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಒಂದೊಂದು ಪಾಠವೂ ಸುಮಾರು ಹತ್ತು ನಿಮಿಷದ್ದು. ಪರದೆಯ ಮೇಲೆ ಕೆಲಸ ನಡೆಯುತ್ತಿದ್ದಂತೆ ಹಿನ್ನೆಲೆಯಲ್ಲಿ ಒಂದು ಧ್ವನಿ ಹೇಳಿಕೊಡುತ್ತದೆ. ಪರದೆಯ ಅಕ್ಷರಗಳು ಇಂಗ್ಲಿಷಿನವಾದರೂ ಧ್ವನಿಯನ್ನು ಭಾರತೀಯ ಭಾಷೆಗಳಿಗೆ ಅಳವಡಿಸಿದ್ದಾರೆ. ಕನ್ನಡವೂ ಅವುಗಳಲ್ಲಿ ಸೇರಿದೆ. ಪತ್ರ ಬರೆಯುವ, ಲೆಕ್ಕ ಇಡುವ, ಸಭೆಗೆ ಚಿತ್ರಪುಟ ಸಿದ್ಧಪಡಿಸುವ ‘ಲಿಬ್ರೆ ಆಫೀಸ್’ ಎಂಬ ತಂತ್ರಾಂಶದ ಪಾಠಗಳು ಅಲ್ಲಿವೆ. ಆ ತಂತ್ರಾಂಶಕ್ಕೂ ಬೆಲೆಯಿಲ್ಲ, ಪಾಠಕ್ಕೂ ಬೆಲೆಯಿಲ್ಲ. ಇದನ್ನು ಜ್ಞಾನ ದಾಸೋಹವೆಂದು ಕರೆದರೆ ಅತಿಶಯೋಕ್ತಿಯಾಗದು.

ಈ ಪಾಠಗಳ ಕಲಿಕೆಯ ಕ್ರಮವನ್ನು ಗಮನಿಸಬೇಕು. ಪರದೆಯ ಅರ್ಧ ಭಾಗದಲ್ಲಿ ಪಾಠ, ಇನ್ನರ್ಧ ಭಾಗದಲ್ಲಿ ನಮ್ಮ ಅಭ್ಯಾಸ. ಅವರು ಒಂದು ಸಾಲು ಬರೆದರೆ ಪಾಠವನ್ನು ನಿಲ್ಲಿಸಿ ನಾವೂ ಒಂದು ಸಾಲು ಬರೆಯಬೇಕು, ಅವರು ಅಳಿಸಿದರೆ ನಾವೂ ಅಳಿಸಬೇಕು. ಹತ್ತು ನಿಮಿಷದ ಪಾಠಕ್ಕೆ ಮೊದಮೊದಲು ಮುಕ್ಕಾಲು ಗಂಟೆಯೂ ಹಿಡಿದೀತು. ಸುಮ್ಮನೆ ಕುಳಿತು ಧಾರಾವಾಹಿಯಂತೆ ನೋಡಿದರೆ ಒಂದೇ ದಿನದಲ್ಲಿ ಹತ್ತು ಪಾಠ ಮುಗಿದಾವು. ಮರುದಿನ ಯಂತ್ರದ ಮುಂದೆ ಕುಳಿತಾಗ ಒಂದೂ ನೆನಪಿಗೆ ಬಾರದು. ರೊಟ್ಟಿ ಬಡಿಯುವುದನ್ನು ನೂರು ಸಲ ನೋಡಿದವಳಿಗೂ ಹಿಟ್ಟು ನಾದಿ ಕೈಯಲ್ಲಿ ತಟ್ಟಿದಾಗಲೇ ರೊಟ್ಟಿಯ ಅಂಚು ಏಕೆ ಒಡೆಯುತ್ತದೆ ಎಂಬುದು ತಿಳಿಯುವುದು.

ಮೊದಲ ಪಾಠಗಳಲ್ಲಿ ಜನರಿಗೆ ತೊಡಕಾಗುವುದು ನಾವು ಊಹಿಸುವ ಜಾಗದಲ್ಲಲ್ಲ. ಅಕ್ಷರ ಒತ್ತುವುದನ್ನು ಯಾರಾದರೂ ಎರಡು ದಿನದಲ್ಲಿ ಕಲಿತಾರು. ಕಷ್ಟವೆನಿಸುವುದು, ಬರೆದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ. ಕಂಪ್ಯೂಟರಿನಲ್ಲಿ ಎರಡು ಬಗೆಯ ನೆನಪಿದೆ. ಒಂದು ಸ್ಲೇಟಿನಂತೆ. ಕೆಲಸ ನಡೆಯುವಾಗ ಬರಹವೆಲ್ಲ ಅದರ ಮೇಲಿರುತ್ತದೆ. ವಿದ್ಯುತ್ತು ಹೋದರೆ ಒರೆಸಿ ಹೋಗುತ್ತದೆ. ಇನ್ನೊಂದು ಪೆಟ್ಟಿಗೆಯಲ್ಲಿಟ್ಟ ವಹಿಯಂತೆ. ವಿದ್ಯುತ್ತು ಹೋದರೂ ಉಳಿಯುತ್ತದೆ. ಸ್ಲೇಟಿನ ಬರಹವನ್ನು ವಹಿಗೆ ಏರಿಸುವ ಕ್ರಿಯೆಗೆ ‘ಸೇವ್’ ಎಂದು ಹೆಸರು. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಎಸ್ ಅಕ್ಷರವನ್ನು ಒತ್ತಿದರಾಯಿತು. ವಿದ್ಯುತ್ತು ಹೇಳದೆ ಕೇಳದೆ ಹೋಗುವ ನಮ್ಮ ಊರುಗಳಲ್ಲಿ, ಬ್ಯಾಟರಿಯಿಲ್ಲದ ಮೇಜುಗಣಕದ ಮುಂದೆ ಕುಳಿತವರು ಪ್ರತಿ ನಾಲ್ಕೈದು ಸಾಲಿಗೊಮ್ಮೆ ಹೀಗೆ ಮಾಡುವುದು ಕ್ಷೇಮ.

ಸೇವ್ ಮಾಡುವಾಗ ಹೆಸರನ್ನೂ ಜಾಗವನ್ನೂ ಯಂತ್ರ ಕೇಳುತ್ತದೆ. ಅವಸರದಲ್ಲಿ ಅದು ಸೂಚಿಸಿದ ಹೆಸರಿಗೇ ಒಪ್ಪಿಗೆ ಕೊಟ್ಟರೆ ತಿಂಗಳ ಬಳಿಕ ‘ಅನ್‌ಟೈಟಲ್ಡ್’ ಎಂಬ ಹೆಸರಿನ ಏಳೆಂಟು ಕಡತಗಳು ಸಿಗುತ್ತವೆ, ಯಾವುದರಲ್ಲಿ ಏನಿದೆಯೋ ತಿಳಿಯದು. ಫೋಲ್ಡರ್ ಎಂಬುದು ಟ್ರಂಕಿನೊಳಗಣ ಬಟ್ಟೆಗಂಟಿದ್ದಂತೆ. ಮದುವೆಯ ಕಾಗದ ಒಂದರಲ್ಲಿ, ಹೊಲದ ಕಾಗದ ಇನ್ನೊಂದರಲ್ಲಿ ಎಂದು ಮೊದಲೇ ಬೇರ್ಪಡಿಸಿಟ್ಟ ಮನೆಯೊಡತಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಅವಳು ಅದನ್ನು ಮೊಮ್ಮಕ್ಕಳಿಗಿಂತ ಬೇಗ ಗ್ರಹಿಸುತ್ತಾಳೆಂಬುದನ್ನು ನಾವು ಕಂಡಿದ್ದೇವೆ.

ಎರಡನೆಯ ಅಂಜಿಕೆ, ಎಲ್ಲಿಯಾದರೂ ಒತ್ತಿ ಯಂತ್ರವೇ ಕೆಟ್ಟರೆ ಏನು ಗತಿ ಎಂಬುದು. ಪತ್ರ ಬರೆಯುವಾಗ ಒಂದು ಪುಟವೇ ಮಾಯವಾದರೂ ಕಂಟ್ರೋಲ್ ಜೊತೆಗೆ ಝಡ್ ಒತ್ತಿದರೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಈ ಒಂದು ಕೀಲಿಯನ್ನು ಮೊದಲ ದಿನವೇ ಕಲಿಸಿದರೆ ಅರ್ಧ ಭಯ ಹೋಗುತ್ತದೆ. ಅನೇಕ ಪಠ್ಯಕ್ರಮಗಳಲ್ಲಿ ಇದು ಎಷ್ಟೋ ಪಾಠಗಳ ಬಳಿಕ ಬರುವುದು ನಮಗೆ ಸರಿಕಾಣುವುದಿಲ್ಲ. ಯಂತ್ರದ ಭಾಗಗಳ ಹೆಸರನ್ನು ಬಾಯಿಪಾಠ ಮಾಡಿಸುವ ಬದಲು ಇದನ್ನು ಮುಂದೆ ತರಬೇಕಿತ್ತು.

ಕನ್ನಡದಲ್ಲಿ ಬರೆಯುವ ವಿಷಯವಂತೂ ಈಗ ಸುಲಭವಾಗಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ಇವುಗಳ ಪರಿಶ್ರಮದಿಂದ ಕನ್ನಡ ಯಂತ್ರದೊಳಗೆ ನೆಲೆಯೂರಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಹಳೆಯ ಪದ್ಧತಿಯಲ್ಲಿ ಬರೆದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಬರೆದದ್ದು ದುಬೈಯಲ್ಲಿರುವ ಮಗನ ಯಂತ್ರದಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ. ಹೊಸದಾಗಿ ಕಲಿಯುವವರು ಆರಂಭದಿಂದಲೇ ಯೂನಿಕೋಡಿನಲ್ಲಿ ಬರೆಯುವುದನ್ನು ರೂಢಿಸಿಕೊಳ್ಳುವುದು ಲೇಸು.

ನಮ್ಮ ಪರಿಚಯದ ಸೋದರಿಯೊಬ್ಬರು ಸ್ವಸಹಾಯ ಸಂಘದ ಒಡನಾಡಿಗಳೊಂದಿಗೆ ಖಡಕ್ ರೊಟ್ಟಿ ಮಾಡಿ ಪೇಟೆಯ ಅಂಗಡಿಗಳಿಗೆ ಕೊಡುತ್ತಾರೆ. ಲೆಕ್ಕವನ್ನು ಅಳಿಯ ಬರೆದಿಡುತ್ತಿದ್ದರು. ಯಾವ ಅಂಗಡಿಯಿಂದ ಎಷ್ಟು ಬಾಕಿ ಎಂದು ಕೇಳಬೇಕಾದರೆ ಅಳಿಯಂದಿರ ಬಿಡುವನ್ನು, ಅದಕ್ಕಿಂತ ಹೆಚ್ಚಾಗಿ ಅವರ ಮುಖವನ್ನು ನೋಡಬೇಕಾಗಿತ್ತು. ಆಕೆ ಕನ್ನಡದ ಪಾಠಗಳನ್ನು ಕೇಳುತ್ತ ಲೆಕ್ಕದ ಹಾಳೆಯನ್ನು ಕಲಿಯತೊಡಗಿದರು. ಅಡ್ಡಸಾಲು, ಕಂಬಸಾಲು ಸೇರುವ ಚೌಕಕ್ಕೆ ಒಂದು ಹೆಸರು. ಬಿ ಕಂಬದ ಎರಡನೆಯ ಸಾಲು ‘ಬಿ 2’. ಬಿ 2ರಿಂದ ಬಿ 31ರ ವರೆಗೆ ಕೂಡು ಎಂದು ಸೂತ್ರವನ್ನು ಒಮ್ಮೆ ಬರೆದರೆ, ನಡುವಿನ ಯಾವುದೇ ದಿನದ ಅಂಕಿಯನ್ನು ತಿದ್ದಿದರೂ ಮೊತ್ತ ತಾನೇ ತಿದ್ದಿಕೊಳ್ಳುತ್ತದೆ. ಇದನ್ನು ಮೊದಲ ಸಲ ಕಂಡಾಗ ಆಕೆ ಅಂಕಿಯನ್ನು ಐದಾರು ಬಾರಿ ಬದಲಿಸಿ ಬದಲಿಸಿ ನೋಡಿದರಂತೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಂಗಡಿವಾರು ಬಾಕಿಯ ಪಟ್ಟಿ ಅವರ ಕೈಯಲ್ಲಿತ್ತು. ಕೊಟ್ಟ ರೊಟ್ಟಿಗೂ ಬಂದ ಹಣಕ್ಕೂ ಎಲ್ಲೆಲ್ಲಿ ತಾಳೆಯಿಲ್ಲವೆಂಬುದು ಆ ಪಟ್ಟಿಯಿಂದಲೇ ಸಂಘದ ಸಭೆಗೆ ತಿಳಿದುಬಂತು. ಅಳಿಯಂದಿರು ಇದರಿಂದ ಬೇಸರಗೊಳ್ಳಲಿಲ್ಲ. ತಮ್ಮ ಹೊರೆ ಇಳಿಯಿತೆಂದೇ ಹೇಳಿದರು.

ಆದರೆ ಎಲ್ಲರೂ ಹೀಗೆ ಮುಗಿಸುವುದಿಲ್ಲ. ಎಡ್‌ಎಕ್ಸ್‌ನಲ್ಲಿ ಎಂಐಟಿ ಮತ್ತು ಹಾರ್ವರ್ಡ್ ನಡೆಸಿದ ಪಾಠಗಳ ಅಂಕಿಸಂಖ್ಯೆಯನ್ನು ಪರಿಶೀಲಿಸಿದ ಲೇಖನವೊಂದು 2019ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2017–18ರಲ್ಲಿ ಸೇರಿದವರಲ್ಲಿ ಕೊನೆಯವರೆಗೆ ಮುಗಿಸಿದವರು ಶೇಕಡಾ 3.13 ಮಾತ್ರ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮುಗಿಸಿದವರು ಶೇಕಡಾ 46. ಓದಿದವರ, ಸೌಕರ್ಯವುಳ್ಳವರ ಪಾಡೇ ಹೀಗಿರುವಾಗ ಒಲೆ, ಕೊಟ್ಟಿಗೆ, ಮಕ್ಕಳು ಎಂದು ದಿನ ಕಳೆಯುವವರು ನಡುವೆ ಬಿಟ್ಟರೆ ಅವರನ್ನು ದೂಷಿಸುವುದು ನ್ಯಾಯವಲ್ಲ.

ನಮ್ಮ ಮನೆಗಳಲ್ಲಿ ಕಲಿಕೆ ನಿಲ್ಲುವುದಕ್ಕೆ ಇನ್ನೊಂದು ಕಾರಣವನ್ನು ನಾವು ಸ್ಪಷ್ಟವಾಗಿಯೇ ಹೇಳಬಯಸುತ್ತೇವೆ. ಅದು ಮಕ್ಕಳ ಅವಸರ. ತಾಯಿ ಮೌಸಿನ ಬಾಣದ ಗುರುತನ್ನು ಹುಡುಕುತ್ತ ಅರ್ಧ ನಿಮಿಷ ತಡಮಾಡಿದರೆ ಸಾಕು, ‘ಕೊಡವ್ವಾ ಇಲ್ಲಿ, ನಾ ಮಾಡಿ ಕೊಡ್ತೀನಿ’ ಎಂದು ಮಗ ಮೌಸನ್ನು ಕಸಿದುಕೊಳ್ಳುತ್ತಾನೆ. ಪ್ರೀತಿಯಿಂದಲೇ ಆಡಿದ ಮಾತು ಅದು. ಕ್ಷಣದಲ್ಲಿ ಕೆಲಸವೂ ಆಗುತ್ತದೆ. ಆದರೆ ಕಲಿಯಬೇಕಾದ ಬೆರಳು ಮಡಿಲಿಗೆ ಮರಳುತ್ತದೆ. ಹೇಳಿಕೊಡುವವರು ಕೈಕಟ್ಟಿ ಕುಳಿತು ಬಾಯಿಂದ ಮಾತ್ರ ಹೇಳಲಿ. ಅದೇ ಮಗ ತಿದ್ದಲು ಕಲಿಯುವಾಗ ‘ಅ’ ಅಕ್ಷರದ ಕೊಂಬು ಎಷ್ಟು ದಿನ ವಕ್ರವಾಗಿತ್ತೆಂಬುದನ್ನು ತಾಯಿ ಬಲ್ಲಳು, ಅವಳು ಬಳಪವನ್ನು ಕಸಿದುಕೊಂಡಿರಲಿಲ್ಲ.

ಗ್ರಾಮೀಣ ಕುಟುಂಬಗಳಿಗಾಗಿ 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡಿಜಿಟಲ್ ಸಾಕ್ಷರತಾ ಅಭಿಯಾನವೂ ಇಲ್ಲಿ ನೆನಪಿಗೆ ಬರುತ್ತದೆ. 14ರಿಂದ 60 ವರ್ಷದವರಿಗೆ, ಮನೆಗೊಬ್ಬರಂತೆ, 20 ಗಂಟೆಗಳ ತರಬೇತಿ. 2024ರ ಮಾರ್ಚ್ 31ರಂದು ಅದು ಮುಕ್ತಾಯವಾಗುವ ವೇಳೆಗೆ ಸುಮಾರು 6.39 ಕೋಟಿ ಜನರಿಗೆ ತರಬೇತಿ ದೊರೆತಿತ್ತು. ಮನೆಗೊಬ್ಬರೆಂದಾಗ ಆ ಒಬ್ಬರು ಯಾರು? ಕಾಲೇಜಿಗೆ ಹೋಗುವ ಹುಡುಗ ಹೇಗೂ ಕಲಿತಾನು. ಅವನು ನೌಕರಿಗೆಂದು ಬೆಂಗಳೂರಿಗೋ ಪುಣೆಗೋ ಹೊರಟ ದಿನ ಮನೆಯ ಸಾಕ್ಷರತೆಯೂ ಅವನೊಂದಿಗೆ ಬಸ್ಸು ಹತ್ತುತ್ತದೆ. ಊರಿನಲ್ಲಿಯೇ ಉಳಿಯುವವರು ಯಾರೋ ಅವರನ್ನು ಮೊದಲು ಕೂರಿಸಬೇಕೆಂಬುದು ನಮ್ಮ ಅಭಿಪ್ರಾಯ.

‘ಮೊಬೈಲಿನಲ್ಲಿಯೇ ಎಲ್ಲ ಆಗುವಾಗ ಕಂಪ್ಯೂಟರ್ ಏಕೆ?’ ಎಂದು ಕೇಳುವವರುಂಟು. ಪಾಠ ಕೇಳಲು ಮೊಬೈಲು ಸಾಕು. ಒಂದೇ ಯಂತ್ರವಿರುವ ಮನೆಯಲ್ಲಿ ಮೊಬೈಲಿನಲ್ಲಿ ಪಾಠ, ಕಂಪ್ಯೂಟರಿನಲ್ಲಿ ಅಭ್ಯಾಸ ಎಂದು ಹಂಚಿಕೊಂಡರೆ ಪರದೆಯೂ ಇಕ್ಕಟ್ಟಾಗದು. ಆದರೆ ಉದ್ದನೆಯ ಅರ್ಜಿ, ವರ್ಷದ ಲೆಕ್ಕ, ಸಂಘದ ನಡಾವಳಿ ಇವು ಅಂಗೈಯಗಲದ ಪರದೆಗೆ ಒಗ್ಗುವ ಕೆಲಸಗಳಲ್ಲ.

ನೌಕರಿಯ ದೃಷ್ಟಿಯಿಂದ ಕಲಿಯುವ ತರುಣರಿಗೆ ಒಂದು ಮಾತು. ಕರ್ನಾಟಕದಲ್ಲಿ 2012ರ ನಿಯಮಗಳ ಪ್ರಕಾರ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಿದೆ. ಆದುದರಿಂದ ಕಲಿಕೆ ವ್ಯರ್ಥವಾಗದು. ಆದರೆ ‘ಈ ಪ್ರಮಾಣಪತ್ರವಿದ್ದರೆ ಸರ್ಕಾರಿ ನೌಕರಿ ಖಚಿತ’ ಎಂದು ಹೇಳಿ ಸಾವಿರಾರು ರೂಪಾಯಿ ಕೇಳುವ ಜಾಹೀರಾತನ್ನು ಕಂಡರೆ ಅಲ್ಲಿಂದ ದೂರ ಸರಿಯಿರಿ. ‘ಸ್ವಯಂ’ನಲ್ಲಿ ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಕುಳಿತುಕೊಳ್ಳುವವರು ಮಾತ್ರ ಶುಲ್ಕ ಕಟ್ಟಬೇಕು.

ಹಣದ ವ್ಯವಹಾರದ ಪಾಠವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಗುಪ್ತಪದವನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಬಾರದು. ಫೋನಿಗೆ ಬರುವ ಓಟಿಪಿ ಅಂಕಿಯನ್ನು ಬ್ಯಾಂಕಿನವರೆಂದು ಹೇಳಿದವರಿಗೂ ತಿಳಿಸಬಾರದು. ಫೋನಿನ ಮೂಲಕ ‘ನಿಮ್ಮನ್ನು ಬಂಧಿಸಿದ್ದೇವೆ’ ಎಂದು ಬೆದರಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಮೋಸವಾಗಿ ಹಣ ಹೋದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಹೋಗುತ್ತದೆ.

ದಿನಕ್ಕೆ ಒಂದು ಗಂಟೆ, ಅದೂ ನಿಶ್ಚಿತ ವೇಳೆಯಲ್ಲಿ, ಇದಕ್ಕಾಗಿ ದೊರೆಯಬೇಕು. ಮಧ್ಯಾಹ್ನದ ಊಟದ ಬಳಿಕ ಮನೆ ಸ್ತಬ್ಧವಾಗಿರುವ ಹೊತ್ತು ಅನೇಕರಿಗೆ ಒಗ್ಗುತ್ತದೆ. ಆ ಗಂಟೆಯಲ್ಲಿ ಚಹಾ ಬೇಕೆನಿಸಿದವರು ತಾವೇ ಕಾಸಿಕೊಳ್ಳಲಿ. ಇಬ್ಬರು ವಾರಗಿತ್ತಿಯರೋ ಅತ್ತೆ ಸೊಸೆಯರೋ ಜೊತೆಗೂಡಿ ಕಲಿತರೆ ಇನ್ನೂ ಒಳ್ಳೆಯದು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಮನೆಯಲ್ಲಿ ಯಂತ್ರವಿಲ್ಲದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು, ಅಂದರೆ ಈಗ ‘ಅರಿವು ಕೇಂದ್ರ’ವೆಂದು ಕರೆಯುವ ಸ್ಥಳವನ್ನು, ಒಮ್ಮೆ ವಿಚಾರಿಸಬೇಕು. ಅನೇಕ ಕಡೆ ಅಲ್ಲಿ ಕಂಪ್ಯೂಟರುಗಳಿವೆ. ಹೋಗುವಾಗ ಒಂದು ನೋಟುಬುಕ್ಕು, ಬರೆದದ್ದನ್ನು ಉಳಿಸಿಕೊಳ್ಳಲು ಒಂದು ಪೆನ್‌ಡ್ರೈವ್, ಓದುವವರಿಗೆ ತೊಂದರೆಯಾಗದಂತೆ ಪಾಠ ಕೇಳಲು ಒಂದು ಇಯರ್‌ಫೋನ್ ಇಷ್ಟನ್ನು ಚೀಲದಲ್ಲಿ ಇಟ್ಟುಕೊಂಡಿರಿ.